ಆಂಟಿಬಯಾಟಿಕ್‌ಗಿಂತ ಮೊದಲು ಸ್ಟಿರಾಯ್ಡ್ ಏಕೆ?

ಕುತ್ತಿಗೆ ಸೆಟೆದಿದೆ, ಬೆಳಕು ಕಂಡರಾಗದು, ಜ್ವರದ ತಾಪಕ್ಕೆ ಬಡಬಡಿಕೆ. ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಉರಿಯೂತ ಇರಬಹುದೆಂದು ವೈದ್ಯರಿಗೆ ಅನುಮಾನ. ನರ್ಸ್ ಆಂಟಿಬಯಾಟಿಕ್ ಪುಡಿಗೆ ನೀರು ಬೆರೆಸುವ ಮೊದಲೇ ಪುಟ್ಟ ಬಾಟಲಿಯಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಎಳೆದು ರಕ್ತನಾಳಕ್ಕೆ ಕೊಡುತ್ತಾರೆ. ಪಕ್ಕದಲ್ಲಿ ನಿಂತ ಮಗ ಕೇಳುತ್ತಾನೆ: 'ಸ್ಟಿರಾಯ್ಡ್ ಕೊಟ್ರೆ ರೋಗ ತಡೆಯೋ ಶಕ್ತಿ ಕುಗ್ಗುತ್ತೆ ಅಂತಾರಲ್ಲ ಡಾಕ್ಟ್ರೇ, ಸೋಂಕಿಗೆ ಅದನ್ಯಾಕೆ ಕೊಡ್ತೀರಿ?'

ಕೇಳಲೇಬೇಕಾದ ಪ್ರಶ್ನೆ. ಆಂಟಿಬಯಾಟಿಕ್ ಒಳಹೊಕ್ಕೊಡನೆ ಬ್ಯಾಕ್ಟೀರಿಯಾಗಳು ಒಡೆದು ಸಾಯುತ್ತವೆ. ಅವುಗಳ ಹೊರಗೋಡೆಯ ಚೂರುಗಳು ಮೆದುಳಿನ ಸುತ್ತಲ ದ್ರವದಲ್ಲಿ ಹರಡಿ, ದೇಹ ಮತ್ತಷ್ಟು ಕೆರಳುತ್ತದೆ. ಕಾಲಿಗೆ ಬಾವು ಬಂದರೆ ಹೊರಕ್ಕೆ ಉಬ್ಬೀತು. ತಲೆಬುರುಡೆಯೊಳಗೆ ಉಬ್ಬಲು ಜಾಗವೆಲ್ಲಿ? ಒತ್ತಡಕ್ಕೆ ಸಿಕ್ಕಿ ಮೆದುಳೇ ನಲುಗುತ್ತದೆ. ಉರಿ ಒಳಕಿವಿಗೂ ಹಬ್ಬುವುದರಿಂದ ಬದುಕುಳಿದ ಕೆಲವರಿಗೆ ಕಿವಿಯೇ ಕೇಳಿಸದು. ರೋಗಾಣುವನ್ನು ಕೊಲ್ಲುವ ಕೆಲಸ ಆಂಟಿಬಯಾಟಿಕ್‌ನದು, ಕೆರಳಿದ ದೇಹವನ್ನು ತಣಿಸುವುದು ಸ್ಟಿರಾಯ್ಡ್‌ನದು. ಅದಕ್ಕೇ ಅದು ಮೊದಲು, ತಪ್ಪಿದರೆ ಜೊತೆಯಲ್ಲೇ.

2002ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ 301 ವಯಸ್ಕ ರೋಗಿಗಳಿದ್ದರು. ಡೆಕ್ಸಾಮೆಥಾಸೋನ್ ಸಿಗದವರಲ್ಲಿ ಶೇ 15ರಷ್ಟು ಮಂದಿ ತೀರಿಕೊಂಡರೆ, ಸಿಕ್ಕವರಲ್ಲಿ ಶೇ 7. ಅಷ್ಟು ಅಗ್ಗದ ಔಷಧಕ್ಕೆ ಇದು ದೊಡ್ಡ ಮಾತು.

ಆದರೆ ಇದೇ ಔಷಧವನ್ನು ಯಾವ ಜ್ವರ ಎಂದೂ ನೋಡದೆ ಚುಚ್ಚುವುದನ್ನು ಕಂಡಾಗ ಸಂಕಟವಾಗುತ್ತದೆ. ಸಂಜೆಯೊಳಗೆ ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, 'ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ' ಅನ್ನುತ್ತೇವೆ. ಒಳಗೆ ರೋಗಾಣು ಬೆಳೆಯುತ್ತಲೇ ಇರಬಹುದು. ಸಕ್ಕರೆ ಕಾಯಿಲೆಯವರಿಗೆ ಅಪಾಯ ಇನ್ನೂ ಹೆಚ್ಚು. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರ ಎಷ್ಟೋ ಜನರ ಕಣ್ಣು ಕಸಿದದ್ದರ ಹಿಂದೆ ಮಿತಿಮೀರಿದ ಸ್ಟಿರಾಯ್ಡ್ ಬಳಕೆಯೂ ಇತ್ತು.

ಮೆದುಳಿಗೇರಿದ ಟಿಬಿಯ ಕಥೆ ಬೇರೆ. ವಿಯೆಟ್ನಾಂನ 545 ರೋಗಿಗಳ ಅಧ್ಯಯನ 2004ರಲ್ಲಿ ಹೊರಬಂತು. ಡೆಕ್ಸಾಮೆಥಾಸೋನ್ ಸೇರಿಸಿದಾಗ ಸಾವು ಶೇ 41ರಿಂದ 32ಕ್ಕೆ ಇಳಿದಿತ್ತು. ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ನಲ್ಲಿ ಆಗುವಂತೆ ಇಲ್ಲಿ ಸ್ಟಿರಾಯ್ಡ್ ನಾಲ್ಕು ದಿನಕ್ಕೆ ಮುಗಿಯದು, ವಾರಗಟ್ಟಲೆ ಬೇಕು. ಅಷ್ಟರಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಸ್ಟಿರಾಯ್ಡ್ ತಯಾರಿಸುವುದನ್ನೇ ಮರೆತಿರುತ್ತದೆ. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಆದ್ದರಿಂದಲೇ ಮನೆಗೆ ಹೊರಟ ರೋಗಿಯ ಕೈಯಲ್ಲಿ ಆ ಚೀಟಿ: ಈ ವಾರ ಮೂರು, ಮುಂದಿನ ವಾರ ಎರಡು, ಆಮೇಲೆ ಒಂದು, ಕೊನೆಗೆ ಅರ್ಧ.