ತಿರುಪ್ಪೂರಿನಿಂದ ಬಂದ ಫೋನು: ಮುಚ್ಚದ ನಾಳ, ನೋವಿನ ಮದ್ದು

ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ರಾತ್ರಿ ಫೋನು ಮಾಡಿದ. "ಮಾಷ್ಟ್ರೇ, ಏಳು ತಿಂಗಳಿಗೇ ಹೆರಿಗೆಯಾಯಿತು. ಮಗುವನ್ನು ಕೊಯಮತ್ತೂರಿಗೆ ತಂದಿದ್ದೇವೆ. ಹೃದಯದ ಹತ್ತಿರ ಒಂದು ನಾಳ ಮುಚ್ಚಿಲ್ಲವಂತೆ, ಐಬುಪ್ರೊಫೇನ್ ಕೊಡುತ್ತಾರಂತೆ. ಅದು ಬೆನ್ನುನೋವಿನ ಮಾತ್ರೆಯಲ್ಲವೇ?" ವೈದ್ಯರು ತಮಿಳಿನಲ್ಲಿ ಹೇಳಿದುದು ಅವನಿಗೆ ಅರ್ಧ ತಿಳಿದಿತ್ತು, ಉಳಿದರ್ಧ ಹೆದರಿಕೆ. ನಾನು ವೈದ್ಯನಲ್ಲ, ಶಾಲಾ ಮಾಸ್ತರ. ಆದರೂ ನಮ್ಮ ಕಡೆಯ ಸಂಸಾರಗಳು ಆ ಊರುಗಳಲ್ಲಿ ಇನ್ನೂ ಇರುವುದರಿಂದ, ಓದಿ ಕೇಳಿ ತಿಳಿದುದನ್ನು ಬರೆಯುತ್ತಿದ್ದೇನೆ.

ಗರ್ಭದಲ್ಲಿ ಕೂಸಿಗೆ ಉಸಿರಾಟದ ಕೆಲಸವಿಲ್ಲ, ಆಮ್ಲಜನಕ ತಾಯಿಯಿಂದಲೇ ಬರುತ್ತದೆ. ಆದ್ದರಿಂದ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದ ಹೆಚ್ಚಿನ ಪಾಲು ಒಂದು ಅಡ್ಡನಾಳದ ಮೂಲಕ ನೇರವಾಗಿ ಮಹಾಪಧಮನಿಗೆ ಸೇರುತ್ತದೆ. ವೈದ್ಯರು ಇದನ್ನು ಡಕ್ಟಸ್ ಆರ್ಟೀರಿಯೋಸಸ್ ಎನ್ನುತ್ತಾರೆ. ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಅದನ್ನು ತೆರೆದಿಡುತ್ತದೆ. ದಿನ ತುಂಬಿದ ಮಗು ಹುಟ್ಟಿ ಅತ್ತಿತೆಂದರೆ ಈ ವಸ್ತು ಇಳಿಯುತ್ತದೆ, ಆಮ್ಲಜನಕ ಏರುತ್ತದೆ, ಎರಡು ಮೂರು ದಿನಗಳಲ್ಲಿ ನಾಳ ಬಿಗಿದು ಮುಚ್ಚುತ್ತದೆ. ದಿನ ತುಂಬದ ಕೂಸಿನಲ್ಲಿ ಅನೇಕ ಸಲ ಹಾಗಾಗುವುದಿಲ್ಲ. ರಕ್ತ ಹಿಮ್ಮುಖವಾಗಿ ಶ್ವಾಸಕೋಶಕ್ಕೆ ನುಗ್ಗಿ ಉಸಿರು ಕಷ್ಟವಾಗುತ್ತದೆ. ಕರುಳಿಗೂ ಮೂತ್ರಪಿಂಡಕ್ಕೂ ರಕ್ತ ಕಡಿಮೆಯಾಗುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ 'ಪಿ.ಡಿ.ಎ.' ಎಂದು ಬರೆದಿರುವುದು ಇದನ್ನೇ.

1938ರಲ್ಲಿ ಬೋಸ್ಟನ್ನಿನ ಡಾ. ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಎದೆ ತೆರೆದು ಈ ನಾಳವನ್ನು ಕಟ್ಟಿದರು. ಒಂದು ಕಿಲೋ ತೂಕದ ಕೂಸಿಗೆ ಅಂತಹ ಶಸ್ತ್ರಕ್ರಿಯೆ ಸಣ್ಣ ಮಾತಲ್ಲ. 1976ರಲ್ಲಿ ಅಮೆರಿಕದ ವೈದ್ಯರು ಇಂಡೊಮೆಥಾಸಿನ್ ಎಂಬ ನೋವಿನ ಮದ್ದು ಪ್ರೊಸ್ಟಾಗ್ಲಾಂಡಿನ್ನನ್ನು ತಡೆದು ನಾಳವನ್ನು ಮುಚ್ಚಿಸುತ್ತದೆಂದು ತೋರಿಸಿದರು. ಮುಂದೆ ಐಬುಪ್ರೊಫೇನ್ ಬಂತು. 2011ರಲ್ಲಿ ಇಸ್ರೇಲಿನ ವೈದ್ಯರು, ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲೂ ಈ ಕೆಲಸಕ್ಕೆ ಒದಗುತ್ತದೆಂದು ವರದಿ ಮಾಡಿದರು.

ಹಾಗೆಂದು ಮನೆಯಲ್ಲಿ ಕೊಡುವ ಮದ್ದು ಇದಲ್ಲ. ಒಂದು ಕಿಲೋ ಕೂಸಿಗೆ ಐಬುಪ್ರೊಫೇನಿನ ಮೊದಲ ಡೋಸ್ ಸಾಮಾನ್ಯವಾಗಿ 10 ಮಿಲಿಗ್ರಾಂ. ದೊಡ್ಡವರ ಒಂದು ಮಾತ್ರೆಯಲ್ಲಿ 400 ಇರುತ್ತದೆ. ಅಷ್ಟಕ್ಕೇ ಮೂತ್ರ ಕಡಿಮೆಯಾಗಬಹುದು, ರಕ್ತಸ್ರಾವವಾಗಬಹುದು, ಕರುಳಿಗೂ ಪೆಟ್ಟಾಗಬಹುದು. ಎಲ್ಲ ಕೂಸುಗಳಿಗೂ ಮದ್ದು ಬೇಕೆಂದೂ ಇಲ್ಲ. ಎಷ್ಟೋ ನಾಳಗಳು ತಾವಾಗಿ ಮುಚ್ಚುತ್ತವೆ. 2023ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಬೇಗನೆ ಐಬುಪ್ರೊಫೇನ್ ಕೊಟ್ಟವರಿಗಿಂತ ಕಾದು ನೋಡಿದವರಿಗೆ ಕೇಡೇನೂ ಆಗಲಿಲ್ಲ. ವೈದ್ಯರು "ಕಾಯೋಣ" ಎಂದರೆ ಅದು ಅಸಡ್ಡೆಯೆಂದು ತಿಳಿಯಬಾರದು.

ಶಿಷ್ಯನ ಎರಡನೆಯ ಪ್ರಶ್ನೆಯೇ ನನ್ನ ಮನಸ್ಸಿನಲ್ಲಿ ಉಳಿದದ್ದು. "ಇವಳು ಬಸುರಿಯಾಗಿದ್ದಾಗ ಸೊಂಟನೋವಿಗೆ ನುಂಗಿದ್ದೂ ಇದೇ ಮಾತ್ರೆ. ಅದರಿಂದ ಹೀಗಾಯಿತೇ?" ಅದರಿಂದಲೇ ದಿನಕ್ಕೆ ಮೊದಲು ಹೆರಿಗೆಯಾಯಿತೆಂದು ಹೇಳುವಂತಿಲ್ಲ, ಆ ಅಪರಾಧಭಾವ ಆಕೆಗೆ ಬೇಡ. ಆದರೆ ಪ್ರಶ್ನೆ ಸರಿಯಾದದ್ದೇ. ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳವನ್ನು ಇದೇ ಮದ್ದು, ಬಸುರಿನ ಕೊನೆಯ ತಿಂಗಳುಗಳಲ್ಲಿ, ಗರ್ಭದೊಳಗೇ ಮುಚ್ಚಿಸಬಹುದು. ಇಂತಹ ನೋವಿನ ಮಾತ್ರೆಗಳನ್ನು 20 ವಾರ ದಾಟಿದ ಮೇಲೆ ವೈದ್ಯರನ್ನು ಕೇಳದೆ ನುಂಗಕೂಡದು. ವೈದ್ಯರೇ ಬರೆದುಕೊಟ್ಟ ಮದ್ದನ್ನು ಇದನ್ನೋದಿ ಬಿಡಲೂ ಕೂಡದು.

ಇದು ಒಬ್ಬಾಕೆಯ ಸಂಗತಿಯಲ್ಲ. 2019ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್, ತಮಿಳುನಾಡಿನ ಉಡುಪು ಉದ್ಯಮದ ಸುಮಾರು 100 ಹೆಣ್ಣುಮಕ್ಕಳನ್ನು ಮಾತನಾಡಿಸಿ, ಮುಟ್ಟಿನ ನೋವಿಗೆಂದು ಹೆಸರಿಲ್ಲದ ಮಾತ್ರೆಗಳನ್ನು ಕೆಲಸದ ಸ್ಥಳದಲ್ಲೇ ಕೊಡುತ್ತಿದ್ದರೆಂದು ವರದಿ ಮಾಡಿತು. ಅವು ಐಬುಪ್ರೊಫೇನಿನಂತಹ ನೋವಿನ ಮಾತ್ರೆಗಳೆಂದು ತಿಳಿದುಬಂತು. ಹೆಸರೇ ಕಾಣದ ಮಾತ್ರೆಯನ್ನು ಬಸುರಿಯೊಬ್ಬಳು ಹೇಗೆ ಬೇಡವೆಂದಾಳು?

ಮೊನ್ನೆ ಪುನಃ ಫೋನು ಬಂತು. ಮೂರನೆಯ ಡೋಸಿನ ಮೇಲೆ ಎಕೋ ಪರೀಕ್ಷೆ ಮಾಡಿದಾಗ ನಾಳ ಕಿರಿದಾಗಿತ್ತು, ಪೂರ್ತಿ ಮುಚ್ಚಿರಲಿಲ್ಲ. ಮಗುವಿನ ಉಸಿರು ಹಗುರವಾಗಿದೆಯಂತೆ. ಒಂದು ವಾರ ಕಾಯೋಣವೆಂದಿದ್ದಾರೆ ವೈದ್ಯರು.