ಆಪರೇಷನ್ ಆಯ್ತು, ಡಿಸ್ಚಾರ್ಜೂ ಆಯ್ತು. ಒಳಗೆ ಏನು ಮಾಡಿದ್ರು ಅನ್ನೋ ಕಾಗದ ನಿಮ್ಮ ಕೈಲಿದೆಯಾ?

ಚಿತ್ರದುರ್ಗ: ಆಪರೇಷನ್ ಮಾಡಿಸಿಕೊಂಡು ಬಂದವರನ್ನು ನೋಡೋಕೆ ಹೋದಾಗ ಒಮ್ಮೆ ಕೇಳಿ ನೋಡಿ. ಎಷ್ಟು ಖರ್ಚಾಯ್ತು, ಎಷ್ಟು ದಿನ ಇದ್ರು, ಯಾವ ವಾರ್ಡು, ರಾತ್ರಿ ಜೊತೆಗೆ ಯಾರಿದ್ರು, ಎಲ್ಲಾ ಹೇಳ್ತಾರೆ. ಏನು ಆಪರೇಷನ್ ಅಂದ್ರೆ ಮಾತ್ರ "ಹೊಟ್ಟೇದು", "ಕಲ್ಲಿಂದು", "ಕಾಲಿಗೆ ರಾಡ್ ಹಾಕಿದ್ರು" ಅಷ್ಟೇ. ಅದಕ್ಕಿಂತ ಮುಂದೆ ಅವರಿಗೂ ಗೊತ್ತಿರಲ್ಲ, ಮನೆಯವರಿಗೂ ಗೊತ್ತಿರಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಹೊಸದುರ್ಗ, ಹೊಳಲ್ಕೆರೆ ಕಡೆಯವರು ದೊಡ್ಡ ಆಪರೇಷನ್ ಅಂದ್ರೆ ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗಕ್ಕೆ ಹೋಗ್ತಾರೆ. ಹಿರಿಯೂರಿನವರಿಗೆ ಹೈವೇ ಪಕ್ಕದಲ್ಲೇ ಇರೋದ್ರಿಂದ ಬೆಂಗಳೂರೂ ಸೇರಿಕೊಳ್ಳುತ್ತೆ. ಆಪರೇಷನ್ ಅಲ್ಲಿ, ಆಮೇಲಿನ ಜ್ವರ, ಕೀವು, ನೋವು ಎಲ್ಲಾ ಇಲ್ಲಿ. ರಾತ್ರಿ ಹನ್ನೊಂದಕ್ಕೆ ತಾಲ್ಲೂಕು ಆಸ್ಪತ್ರೆಗೆ ಓಡಿದಾಗ ಡ್ಯೂಟಿ ಡಾಕ್ಟರ್ ಮೊದಲು ಕೇಳೋದೇ ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ಏನೂ ಇಲ್ಲ ಅಂದ್ರೆ ಆ ಡಾಕ್ಟರ್ ಆದ್ರೂ ಏನು ಮಾಡ್ತಾರೆ?

ಮೊದಲು ಕಾಗದಗಳ ಲೆಕ್ಕ ತಿಳಿದುಕೊಳ್ಳಿ. ಮನೆಗೆ ಬರುವಾಗ ಕೊಡೋ ಒಂದೆರಡು ಹಾಳೆಯೇ ಡಿಸ್ಚಾರ್ಜ್ ಸಮ್ಮರಿ. ಆಪರೇಷನ್ ಥಿಯೇಟರ್‌ನಲ್ಲಿ ಎಲ್ಲಿ ಕೊಯ್ದರು, ಒಳಗೆ ಏನು ಕಂಡಿತು, ಏನು ತೆಗೆದರು, ಏನು ಇಟ್ಟರು, ಎಷ್ಟು ರಕ್ತ ಹೋಯ್ತು ಅಂತ ಸರ್ಜನ್ ಬರೆಯೋದು ಆಪರೇಷನ್ ನೋಟ್ಸ್. ದಿನದಿನದ ಬಿಪಿ, ಇಂಜೆಕ್ಷನ್, ನರ್ಸ್ ಬರೆದಿದ್ದು, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ ಎಲ್ಲಾ ಸೇರಿದ ದಪ್ಪ ಫೈಲು ಕೇಸ್ ಶೀಟ್. ನಮಗೆ ಸಾಮಾನ್ಯವಾಗಿ ಸಿಗೋದು ಮೊದಲನೆಯದು ಮಾತ್ರ. ಉಳಿದವು ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋಗುತ್ತವೆ.

ಗೊತ್ತಿಲ್ಲದಿದ್ರೆ ಏನಾಗುತ್ತೆ?

ಕಿಡ್ನಿ ಕಲ್ಲಿನ ಉದಾಹರಣೆಯನ್ನೇ ತಗೊಳ್ಳಿ. ಕಲ್ಲು ತೆಗೆದ ಮೇಲೆ ಎಷ್ಟೋ ಸಲ ಕಿಡ್ನಿಯಿಂದ ಮೂತ್ರಚೀಲದವರೆಗೆ ಒಂದು ತೆಳು ಕೊಳವೆ ಇಟ್ಟಿರ್ತಾರೆ. ಅದಕ್ಕೆ ಡಿಜೆ ಸ್ಟೆಂಟ್ ಅಂತಾರೆ. ಅದು ಒಳಗೇ ಇರೋಕೆ ಅಲ್ಲ, ಡಾಕ್ಟರ್ ಹೇಳಿದ ದಿನಕ್ಕೆ ವಾಪಸ್ ಹೋಗಿ ತೆಗೆಸಬೇಕು. ಸಮ್ಮರಿಯಲ್ಲಿ "ಡಿಜೆಎಸ್" ಅಂತ ಎರಡಕ್ಷರ ಗೀಚಿ, ಬಾಯಲ್ಲಿ "ಮುಂದಿನ ತಿಂಗಳು ಬನ್ನಿ" ಅಂದ್ರೆ ನಮ್ಮ ಜನ ಏನ್ಮಾಡ್ತಾರೆ? ನೋವಿಲ್ಲ, ಅಡಿಕೆ ಕೊಯ್ಲು ಇದೆ, ಅಂಗಡಿ ಬಿಟ್ಟು ಬರೋಕಾಗಲ್ಲ ಅಂತ ಸುಮ್ಮನಾಗ್ತಾರೆ. ತಿಂಗಳುಗಟ್ಟಲೆ ಬಿಟ್ಟರೆ ಆ ಕೊಳವೆ ಮೇಲೇ ಕಲ್ಲು ಕಟ್ಟುತ್ತೆ, ಸೋಂಕಾಗುತ್ತೆ, ಕಿಡ್ನಿಗೇ ಪೆಟ್ಟು ಬೀಳಬಹುದು.

ಇನ್ನೊಂದು ಬಯಾಪ್ಸಿ. ಪಿತ್ತಕೋಶ, ಗರ್ಭಕೋಶ, ಗಡ್ಡೆ ತೆಗೆದ ಮೇಲೆ ಅದನ್ನು ಲ್ಯಾಬಿಗೆ ಕಳಿಸ್ತಾರೆ. ರಿಪೋರ್ಟ್ ಬರೋದಕ್ಕೆ ದಿನ ಹಿಡಿಯುತ್ತೆ, ಅಷ್ಟರಲ್ಲಿ ನೀವು ಊರು ಸೇರಿರ್ತೀರಿ. ಕ್ಯಾನ್ಸರ್ ಇದೆಯೋ ಇಲ್ವೋ ಅಂತ ಹೇಳೋ ಕಾಗದ ಅದೇ, ಎಷ್ಟೋ ಮಂದಿ ವಾಪಸ್ ಹೋಗಿ ತರದೇ ಇರೋ ಕಾಗದವೂ ಅದೇ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಗರ್ಭಕೋಶ ತೆಗೆದ್ರು ಅಂದ್ರೆ ಅಂಡಾಶಯ ಉಳಿಸಿದ್ರಾ, ಅದನ್ನೂ ತೆಗೆದ್ರಾ? ಎರಡೂ ಅಂಡಾಶಯ ತೆಗೆದ್ರೆ ಮುಟ್ಟು ನಿಲ್ಲೋ ವಯಸ್ಸಿಗೆ ಮೊದಲೇ ಆ ಎಲ್ಲಾ ತೊಂದರೆ ಒಮ್ಮೆಗೇ ಶುರುವಾಗುತ್ತೆ, ಮೂಳೆ ಸವೆಯುತ್ತೆ. ಮೂವತ್ತೈದು ವರ್ಷದ ಹೆಂಗಸಿಗೆ ಇದು ಗೊತ್ತಿರಲೇಬೇಕು. ದಾವಣಗೆರೆ ದಾಟಿದರೆ ಸಿಗೋ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಅಗತ್ಯ ಇಲ್ಲದೆ ಗರ್ಭಕೋಶ ತೆಗೆಯಲಾಗಿದೆ ಅನ್ನೋ ಆರೋಪ ಬಂದು, ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದ್ದು ನೆನಪಿರಬಹುದು. ಅದಕ್ಕೂ ಮೊದಲು ಕಲಬುರಗಿ ಜಿಲ್ಲೆಯಲ್ಲೂ ಇಂಥದ್ದೇ ದೂರು ಎದ್ದಿತ್ತು. ಬೇರೆ ರಾಜ್ಯಗಳ ಇಂಥ ಪ್ರಕರಣಗಳ ಅರ್ಜಿ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿತು. ಇಂಥ ಹೋರಾಟದಲ್ಲಿ ಕಾಗದ ಇಲ್ಲದವರ ಮಾತಿಗೆ ತೂಕ ಕಮ್ಮಿ ಅನ್ನೋದು ಕಹಿ ಸತ್ಯ.

ಸಮ್ಮರಿಯ ಇಂಗ್ಲಿಷ್ ಗುಟ್ಟು

ಸಮ್ಮರಿ ಕೊಟ್ಟರೂ ಅದು ಚುಟುಕು ಭಾಷೆ. ಎಲ್‌ಎಸ್‌ಸಿಎಸ್ ಅಂದ್ರೆ ಸಿಸೇರಿಯನ್ ಹೆರಿಗೆ. ಟಿಎಎಚ್ ಅಂದ್ರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದದ್ದು, ಅದರ ಪಕ್ಕ ಬಿಎಸ್‌ಒ ಅಂತ ಇದ್ರೆ ಎರಡೂ ಕಡೆಯ ಅಂಡಾಶಯ, ನಾಳ ಕೂಡ ಹೋಯ್ತು. ಲ್ಯಾಪ್ ಕೋಲೆ ಅಂದ್ರೆ ಸಣ್ಣ ರಂಧ್ರದಿಂದ ಪಿತ್ತಕೋಶ ತೆಗೆದದ್ದು. ಓಆರ್‌ಐಎಫ್ ಅಂದ್ರೆ ಮೂಳೆ ಕೂಡಿಸಿ ಪ್ಲೇಟು, ಸ್ಕ್ರೂ ಹಾಕಿದ್ದು. ಎಚ್‌ಪಿಇ ಅಂತ ಕಂಡ್ರೆ ಬಯಾಪ್ಸಿಗೆ ಕಳಿಸಿದ್ದಾರೆ, ರಿಪೋರ್ಟ್ ನೀವು ತರಬೇಕು ಅಂತ ಅರ್ಥ. ಕಣ್ಣಿಗೆ ಲೆನ್ಸ್, ಹೃದಯಕ್ಕೆ ಸ್ಟೆಂಟ್, ಮಂಡಿಗೆ ಕೀಲು, ಹರ್ನಿಯಾಕ್ಕೆ ಮೆಶ್ ಹಾಕಿದ್ರೆ ಅದರ ಕಂಪನಿ, ನಂಬರ್ ಇರೋ ಸ್ಟಿಕ್ಕರ್ ಕೇಳಿ ಪಡೆಯಿರಿ. ಮುಂದೆ ಎಂಆರ್‌ಐ ಮಾಡಿಸುವಾಗ, ಇನ್ನೊಂದು ಆಪರೇಷನ್ ಆಗುವಾಗ ಬೇಕಾಗುತ್ತೆ.

ಡಾಕ್ಟರ್‌ಗಳನ್ನು ಬೈಯೋದು ಸುಲಭ. ಜಿಲ್ಲಾಸ್ಪತ್ರೆಯ ವಾರ್ಡಲ್ಲಿ ಹತ್ತು ನಿಮಿಷ ನಿಂತು ನೋಡಿದ್ರೆ ಒಬ್ಬೊಬ್ಬರಿಗೂ ಕೂತು ವಿವರಿಸೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಆದ್ರೆ ಬರೆದುಕೊಡೋಕೆ ಬಾಯಿಮಾತಿನಷ್ಟು ಹೊತ್ತು ಬೇಕಾಗಲ್ಲ. ಲಕ್ಷದ ಬಿಲ್ಲನ್ನು ಹತ್ತಿ, ಸಿರಿಂಜಿನ ಸಮೇತ ಪುಟಗಟ್ಟಲೆ ಪ್ರಿಂಟ್ ಹಾಕೋ ಆಸ್ಪತ್ರೆಗಳು ಆಪರೇಷನ್ ವಿವರ ಮಾತ್ರ ಎರಡು ಸಾಲಲ್ಲಿ ಮುಗಿಸೋದು ಯಾಕೆ ಅಂತ ನನಗಂತೂ ಅರ್ಥ ಆಗಿಲ್ಲ.

ಕಾನೂನು ಏನು ಹೇಳುತ್ತೆ?

ವೈದ್ಯರ ನಡವಳಿಕೆ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಇದೆ. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದ್ರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಇದೇ ಇದೆ. ಜೆರಾಕ್ಸ್ ಖರ್ಚು ನೀವು ಕೊಡಬೇಕು, ಅಷ್ಟೇ. "ಅದು ಆಸ್ಪತ್ರೆ ಆಸ್ತಿ, ಕೊಡಲ್ಲ" ಅಂದ್ರೆ ಒಪ್ಪಬೇಡಿ. ಒರಿಜಿನಲ್ ಫೈಲು ಅವರ ಬಳಿಯೇ ಇರಲಿ, ನೀವು ಕೇಳ್ತಿರೋದು ನಕಲು.

ಒಪ್ಪಿಗೆ ವಿಷಯದಲ್ಲಿ 2008ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು ಮುಖ್ಯ. ದೆಹಲಿಯ ಮಹಿಳೆಯೊಬ್ಬರು ತಪಾಸಣೆಗಾಗಿ ಲ್ಯಾಪರೋಸ್ಕೋಪಿಗೆ ಒಪ್ಪಿದ್ದರು. ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ಜೀವಕ್ಕೆ ತುರ್ತು ಇಲ್ಲದಾಗ ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಅಂತ ಕೋರ್ಟ್ ಹೇಳಿತು. ಯಾವ ಚಿಕಿತ್ಸೆ, ಯಾಕೆ, ಬೇರೆ ದಾರಿ ಇದೆಯಾ, ದೊಡ್ಡ ಅಪಾಯ ಏನು ಅಂತ ರೋಗಿಗೇ ಮೊದಲು ತಿಳಿಸಬೇಕು. ಪರಿಹಾರ ಸಿಕ್ಕಿದ್ದು ಬರೀ 25 ಸಾವಿರ, ಆದ್ರೆ ತೀರ್ಪು ಇವತ್ತಿಗೂ ಚಾಲ್ತಿಯಲ್ಲಿದೆ.

ಅರ್ಜಿಯಲ್ಲಿ ಉದ್ದ ಕಥೆ ಬೇಡ. ರೋಗಿ ಹೆಸರು, ಐಪಿ ನಂಬರ್, ದಾಖಲಾದ ಮತ್ತು ಬಿಡುಗಡೆಯಾದ ದಿನ, "ನನ್ನ ಕೇಸ್ ಶೀಟ್, ಆಪರೇಷನ್ ನೋಟ್ಸ್, ಒಪ್ಪಿಗೆ ಪತ್ರ, ಬಯಾಪ್ಸಿ ರಿಪೋರ್ಟಿನ ನಕಲು ಕೊಡಿ" ಅಂತ ನಾಲ್ಕು ಸಾಲು ಕನ್ನಡದಲ್ಲೇ ಬರೆದು, ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆ ಕೊಡದಿದ್ರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ, 30 ದಿನದ ಗಡುವು. ಖಾಸಗಿ ಆಸ್ಪತ್ರೆ ಮೇಲಿನ ದೂರು ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಗುತ್ತೆ, ಡಿಎಚ್‌ಒ ಕಚೇರಿಯಲ್ಲಿ ಕೊಡಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಾದ್ರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ.

ಅಂಗಡಿಯವರಿಗೆ ಒಂದು ಮಾತು. ಇನ್ಶೂರೆನ್ಸ್ ಮಾಡಿಸಿದ್ದರೆ ಡಿಸ್ಚಾರ್ಜ್ ಆಗೋ ಮುಂಚೆ ಸಮ್ಮರಿಯಲ್ಲಿ ಹಳೇ ಕಾಯಿಲೆ ಬಗ್ಗೆ ಬರೆದಿರೋ ಸಾಲು ಓದಿಸಿಕೊಳ್ಳಿ. ಜೊತೆಗಿದ್ದವರು ಬಾಯಿಗೆ ಬಂದಂತೆ "ಶುಗರ್ ಹತ್ತು ವರ್ಷದಿಂದ ಇದೆ" ಅಂದಿದ್ದು ಅಲ್ಲಿ ದಾಖಲಾಗಿ, ಕ್ಲೇಮ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ತಪ್ಪಿದ್ರೆ ಅಲ್ಲೇ ತಿದ್ದಿಸಿ. ಒರಿಜಿನಲ್ ಕಾಗದ ಕಂಪನಿಗೆ ಕಳಿಸೋ ಮುಂಚೆ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿರಲಿ. ಎಬಿ-ಎಆರ್‌ಕೆ ಕಾರ್ಡಿನಲ್ಲಿ ಉಚಿತವಾಗಿ ಆಪರೇಷನ್ ಆದವರಿಗೂ ಇದೇ ಹಕ್ಕು, ಬಿಟ್ಟಿ ಚಿಕಿತ್ಸೆ ಅಂತ ಕಾಗದ ಕೇಳೋಕೆ ಸಂಕೋಚ ಬೇಡ.

ಒಂದು ಗಡುವು ಮರೆಯಬೇಡಿ: 2002ರ ನಿಯಮದ ಪ್ರಕಾರ ದಾಖಲೆಗಳನ್ನು ಇಟ್ಟುಕೊಳ್ಳಬೇಕಾದ ಅವಧಿ ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ. ಎರಡು, ಎರಡೂವರೆ ವರ್ಷದ ಹಿಂದೆ ಆಪರೇಷನ್ ಆದವರು ಅರ್ಜಿ ಕೊಡೋದಿದ್ರೆ ಈ ವಾರವೇ ಕೊಡಿ.