ಹೋಬಳಿಯ ಶಾಲೆ, ನೂರರ ಲೆಕ್ಕ

ರಾಮನಾಥಪುರವೆಂದೊಡನೆ ನೆನಪಿಗೆ ಬರುವುದು ಷಷ್ಠಿಯ ಜಾತ್ರೆ, ರಾಮೇಶ್ವರನ ಗುಡಿ, ಕಾವೇರಿಯ ಸ್ನಾನಘಟ್ಟ, ಅಲ್ಲಿ ಪುರಿ ಎರಚಿದರೆ ಬಾಯ್ದೆರೆದು ಬರುವ ಮೀನಿನ ಹಿಂಡು. ಅರಕಲಗೂಡು ತಾಲ್ಲೂಕಿನ ಈ ಹೋಬಳಿ ಕೇಂದ್ರವನ್ನು ಯಾತ್ರಿಕನ ಕಣ್ಣಿನಿಂದ ನೋಡಿದವರು ಬಹಳ ಮಂದಿ. ಪಾಠಶಾಲೆಯ ಬಾಗಿಲಿನಿಂದ ನೋಡಿದವರು ವಿರಳ. ಈ ವಾರ ವಾಚಕರನ್ನು ಆ ಬಾಗಿಲಿಗೆ ಕರೆದೊಯ್ಯುವ ಮನಸ್ಸಾಗಿದೆ.

ಹೋಬಳಿಗೂ ಶಾಲೆಗೂ ಇರುವ ನಂಟು ಹಳೆಯದು. ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮೈಸೂರು ಸೀಮೆಯಲ್ಲಿ 1868ರಲ್ಲಿ ಮುಂದಿಟ್ಟವರು ಲೂಯಿ ರೈಸ್ ಅವರು. ಶಾಸನಗಳನ್ನು ಕಲೆಹಾಕಿದ ವಿದ್ವಾಂಸರೆಂದೇ ನಾವು ಅವರನ್ನು ಬಲ್ಲೆವು. ಹಳ್ಳಿಯ ಹುಡುಗನ ಕೈಗೆ ಬಳಪ ಕೊಡಿಸಿದ ಪುಣ್ಯವೂ ಅವರ ಪಾಲಿಗಿದೆ. ಅನಂತರ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಕಲಿಕೆ ಈ ಸೀಮೆಗೆ ಶಾಲೆಯೊಡನೆಯೇ ಬಂದಿತೆಂದು ಮಾತ್ರ ಭಾವಿಸಬಾರದು. ಹತ್ತಿರದ ರುದ್ರಪಟ್ಟಣ ಸಂಗೀತಗಾರರ ತವರು, 1920ರಲ್ಲಿ ಆರ್. ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿಯೇ.

ಇನ್ನು ಫಲಿತಾಂಶದ ಮಾತು. 2019ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದಾಗ ನಾಡೆಲ್ಲ ಹುಬ್ಬೇರಿಸಿತು. ಹಾಸನ ಜಿಲ್ಲೆ ಶೇಕಡ 89.33ರಷ್ಟು ತೇರ್ಗಡೆಯೊಡನೆ ರಾಜ್ಯಕ್ಕೇ ಮೊದಲನೆಯದಾಗಿತ್ತು. ರಾಜ್ಯದ ಸರಾಸರಿ 73.70. ಕೀರ್ತಿ ಯಾರಿಗೆ ಸಲ್ಲಬೇಕೆಂದು ದೊಡ್ಡವರಲ್ಲಿ ಜಗ್ಗಾಟವೂ ನಡೆಯಿತು. ಬೆಳಗ್ಗೆಯೂ ಸಂಜೆಯೂ ವಿಶೇಷ ತರಗತಿ ನಡೆಸಿದ ಉಪಾಧ್ಯಾಯರ ಹೆಸರನ್ನು ಆ ಜಗ್ಗಾಟದಲ್ಲಿ ಯಾರೂ ಎತ್ತಿದಂತೆ ಕಾಣೆ!

2023ರಲ್ಲಿ ರಾಜ್ಯದ ಫಲಿತಾಂಶ 83.89ಕ್ಕೆ ಏರಿತು. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಣ್ಣಿಟ್ಟು ಕುಳಿತಿತು. ಉದಾರವಾಗಿ ಕೃಪಾಂಕ ಕೊಟ್ಟರೂ ರಾಜ್ಯದ ಅಂಕಿ 73.40ಕ್ಕೆ ಇಳಿಯಿತು. ಹಾಸನವೂ ಇಳಿಯಿತು, ಆದರೆ ಸರಾಸರಿಗಿಂತ ಬಹಳ ಮೇಲೆಯೇ ನಿಂತಿತು. 2019ರ ಹೆಮ್ಮೆಗಿಂತ ಈ ಇಳಿತದಲ್ಲಿ ಉಳಿದುಕೊಂಡ ಸ್ಥಾನವೇ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ.

ಆದರೆ ಜಿಲ್ಲೆಯ ಅಂಕಿಯನ್ನು ಹೋಬಳಿಗೆ ಹಾಗೆಯೇ ಅನ್ವಯಿಸಲಾಗದು. ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಹನ್ನೆರಡೇ ಮಕ್ಕಳಿದ್ದಾರೆನ್ನೋಣ. ಒಬ್ಬ ಹುಡುಗ ಗಣಿತದಲ್ಲಿ ಎಡವಿದರೆ ಶೇಕಡ ಎಂಟು ಹೋಯಿತು. ಮುಂದಿನ ವರ್ಷ ಹನ್ನೆರಡು ಮಂದಿಯೂ ಗೆದ್ದರೆ ಶೇಕಡ ನೂರು, ಮುಖ್ಯೋಪಾಧ್ಯಾಯರಿಗೆ ಶಾಲು, ಹಾರ. ಎರಡು ವರ್ಷಗಳಲ್ಲಿಯೂ ಪಾಠ ಅದೇ, ಮೇಷ್ಟರೂ ಅವರೇ. ಇದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಎಂಟನೆಯ ತರಗತಿಗೆ ಸೇರಿದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು? ನಡುವೆ ಬಿಟ್ಟುಹೋದ ಮಗು ನಪಾಸಾದವರ ಪಟ್ಟಿಯಲ್ಲಿಯೂ ಇರುವುದಿಲ್ಲ.

ಬಿಡುವುದಕ್ಕೆ ಕಾರಣಗಳು ಹಲವು, ಹೊಲವೂ ಒಂದು. ಇದು ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ರಾಮನಾಥಪುರದಲ್ಲಿಯೇ ಇದೆ. ಮುಂಗಾರಿನ ಆರಂಭದಲ್ಲಿ ಸಸಿ ನಾಟಿ, ಶಾಲೆಯ ಬಾಗಿಲು ತೆರೆಯುವುದೂ ಆಗಲೇ. ಮುಂದೆ ಎಲೆ ಮುರಿಯುವುದು, ಕೋಲಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಹಗಲಿರುಳು ಬೆಂಕಿ ಕಾಯುವುದು. ಮನೆಮಂದಿಯೆಲ್ಲ ಎಲೆಯ ಹಿಂದೆ ಬಿದ್ದಿರುವಾಗ ತೊಟ್ಟಿಲು ತೂಗಲು, ಅನ್ನಕ್ಕಿಡಲು ಯಾರನ್ನು ನಿಲ್ಲಿಸಿಕೊಳ್ಳುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲದರ ಕೆಳಗೆ ಸದ್ದಿಲ್ಲದೆ ನಡೆಯುತ್ತಿರುವ ಬದಲಾವಣೆ ಇನ್ನೊಂದಿದೆ. 2001ರಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.21 ಲಕ್ಷ, 2011ರಲ್ಲಿ 17.76 ಲಕ್ಷ. ಹತ್ತು ವರ್ಷಗಳಲ್ಲಿ ರಾಜ್ಯ ನೂರಕ್ಕೆ ಹದಿನೈದಕ್ಕೂ ಮೀರಿ ಬೆಳೆದರೆ ಈ ಜಿಲ್ಲೆ ಬೆಳೆದದ್ದು ಮೂರು ಚಿಲ್ಲರೆ. ಮನೆಗಳಲ್ಲಿ ಮಕ್ಕಳು ಕಡಿಮೆ. ದುಡಿಯುವ ವಯಸ್ಸಿನವರು ಬೆಂಗಳೂರು, ಮೈಸೂರುಗಳ ದಾರಿ ಹಿಡಿಯುತ್ತಾರೆ. ಉಳಿದ ಮಕ್ಕಳಲ್ಲಿ ಕೆಲವರನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಹಳದಿ ವ್ಯಾನು ಬೆಳಗ್ಗೆ ಏಳೂವರೆಗೇ ಎತ್ತಿಕೊಂಡು ಹೋಗುತ್ತದೆ. ಇಂಥ ಹಳ್ಳಿಯ ಸರಕಾರಿ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗದೆ ಇದ್ದೀತೆ?

ಆಗ ಏಳುವ ಮಾತೇ ಶಾಲೆಗಳ ವಿಲೀನ. ಖರ್ಚಿನ ದೃಷ್ಟಿಯಿಂದ ಅದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೆ ಚಿಕ್ಕ ಶಾಲೆಯೆಂದರೆ ಕೆಟ್ಟ ಶಾಲೆಯೆಂಬ ಗ್ರಹಿಕೆಯನ್ನು ನಮ್ಮ ನೆರೆಯ ಮೈಸೂರು ಜಿಲ್ಲೆಯೇ ಸುಳ್ಳುಮಾಡಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ಕುಳಿತು, ಚಿತ್ರದ ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರಿದರು. ಮೇಷ್ಟರಿಗೆ ಕುರ್ಚಿಯಿಲ್ಲ, ಅವರೂ ನೆಲದ ಮೇಲೆಯೇ. ಮುಂದೆ ಆ ಪದ್ಧತಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಅರವತ್ತರವರೆಗೆ ಮಕ್ಕಳಿರುವ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರಿರಬೇಕೆನ್ನುತ್ತದೆ. ಹದಿನೈದೇ ಮಕ್ಕಳಿದ್ದರೂ ಆ ಇಬ್ಬರು ಬೇಕು. ಒಬ್ಬರು ಜನಗಣತಿಗೋ ಚುನಾವಣೆಗೋ ಬಿಸಿಯೂಟದ ಲೆಕ್ಕಕ್ಕೋ ಹೋದ ದಿನ ಇನ್ನೊಬ್ಬರು ಬಾಗಿಲು ತೆರೆದಿರುತ್ತಾರೆ.